ಅಂಗಳದ ರೈಲಿಗೆ ಇನ್ನು ಮುಂದೆ ಬ್ಯಾಟರಿ ಮತ್ತು ರೇಡಿಯೊ

ಬಳ್ಳಾರಿ

ಗ್ರಾಹಕರಿಗೆ ನಮಸ್ಕಾರ.

ಅಂಗಳದಲ್ಲೋ ಮಾಳಿಗೆಯ ಮೇಲೋ ಓಡುವ 45 ಮಿ.ಮೀ. ಅಂತರದ ಹಳಿಯ ಮಾದರಿ ರೈಲು ಎಂಜಿನ್‌ಗಳಿಗೆ ಮುಂದಿನ ತಿಂಗಳಿನಿಂದ ನಾವು ಡಿಸಿಸಿ ಡಿಕೋಡರ್ (ಹಳಿಯಿಂದ ಬರುವ ಡಿಜಿಟಲ್ ಆದೇಶ ಓದುವ ಸಣ್ಣ ಬೋರ್ಡ್) ಕೂರಿಸುವುದಿಲ್ಲ. ಅವಕ್ಕೆ ಬ್ಯಾಟರಿ ಮತ್ತು 2.4 ಗಿಗಾಹರ್ಟ್ಸ್ ರಿಸೀವರ್ ಮಾತ್ರ, ರಿಮೋಟ್ ಕೊಟ್ಟ ಆದೇಶ ಅದಕ್ಕೆ ಗಾಳಿಯಲ್ಲೇ ಬರುತ್ತದೆ. ಮನೆಯೊಳಗಿನ ಚಿಕ್ಕ ಅಳತೆಯ (1:87) ಎಚ್‌ಒ ಎಂಜಿನ್‌ಗಳಿಗೆ ಡಿಸಿಸಿಯೇ ಇರುತ್ತದೆ. ಅಷ್ಟು ಚಿಕ್ಕ ಬಾಡಿಯೊಳಗೆ ಬ್ಯಾಟರಿಗೆ ಜಾಗವಿಲ್ಲ.

ಕಾರಣ ಧೂಳು. ಡಿಸಿಸಿಯಲ್ಲಿ ಕರೆಂಟೂ ಆದೇಶವೂ ಹಳಿಯಿಂದಲೇ ಚಕ್ರಕ್ಕೆ ಹತ್ತಬೇಕು. ನಮ್ಮೂರ ಕೆಂಧೂಳು ಹಳಿಯ ಮೇಲೆ ಕೂತರೆ ಚಕ್ರದಡಿ ಸಣ್ಣ ಕಿಡಿ ಹಾರಿ ಕಪ್ಪು ಪದರ ಕಟ್ಟುತ್ತದೆ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಹಳಿಯ ಮೇಲೆ ಒಂದು ಗೇಣು ಎಳೆಯಿರಿ, ಪೆನ್ಸಿಲ್ ಸೀಸದಂಥ ಗೆರೆ ಬೀಳುತ್ತದೆ. ಎಂಜಿನ್ ತಡವರಿಸುವುದು, ದೀಪ ಮಿಣುಕುವುದು ಅಲ್ಲೇ. ಕೆಪಾಸಿಟರ್ ಹಾಕಿದರೆ ಕ್ಷಣದ ತಡೆ ದಾಟೀತು, ಹತ್ತು ಮೀಟರ್ ಕೊಳೆ ದಾಟದು. ಮನೆಯೊಳಗಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿಕೊಳ್ಳಬಹುದು. ಅಂಗಳದಲ್ಲಿ ಒರೆಸಿ ಮುಗಿಸುವಷ್ಟರಲ್ಲಿ ಮತ್ತೆ ಗಾಳಿ ಬೀಸಿರುತ್ತದೆ.

ಎಂಜಿನ್ ತಂದುಕೊಟ್ಟರೆ ಮೊದಲು ಚಕ್ರವನ್ನು ಕ್ಷಣಕಾಲ ಹಿಡಿದು ನಿಲ್ಲಿಸಿ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತದೆಂದು ಅಳೆಯುತ್ತೇವೆ. ಅದಕ್ಕಿಂತ ಹೆಚ್ಚು ತಾಳುವ ರಿಸೀವರನ್ನೇ ಹಾಕುತ್ತೇವೆ. ಆಮೇಲೆ ಚಕ್ರದಿಂದ ಕರೆಂಟ್ ತರುವ ಎರಡೂ ವೈರ್ ಕತ್ತರಿಸುತ್ತೇವೆ. ಅವನ್ನು ಹಾಗೇ ಬಿಟ್ಟರೆ, ಯಾರಾದರೂ ಹಳಿಗೆ ಕರೆಂಟ್ ಕೊಟ್ಟ ದಿನ ರಿಸೀವರೂ ಸೆಲ್ಲೂ ಸುಟ್ಟುಹೋದಾವು. ಸರಣಿಯಲ್ಲಿ ಮೂರು ಲಿಥಿಯಂ ಸೆಲ್, ರಕ್ಷಣಾ ಬೋರ್ಡ್, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್, ಒಂದು ಸ್ವಿಚ್, ಚಾರ್ಜಿಂಗ್ ಸಾಕೆಟ್. ಸಣ್ಣ ಎಂಜಿನ್ ಆದರೆ ಸೆಲ್‌ಗಳು ಹಿಂದಿನ ಡಬ್ಬಿಗೆ ಹೋಗುತ್ತವೆ. ಆಂಟೆನಾ ವೈರನ್ನು ಲೋಹದ ಬಾಡಿಗೆ ತಾಗದಂತೆ ಮೇಲಕ್ಕೆ ಬಿಡಬೇಕು, ಮಡಚಿ ತುರುಕಿದರೆ ರಿಮೋಟ್ ದೂರಕ್ಕೆ ಎಟುಕದು.

ವೇಗ ಸ್ವಲ್ಪ ಇಳಿಯುತ್ತದೆ, ಮೊದಲೇ ಹೇಳಿಬಿಡುತ್ತೇವೆ: ಮೂರು ಸೆಲ್ ಎಂದರೆ 11.1 ವೋಲ್ಟ್, ಹಳಿಯಿಂದ ಸಿಗುತ್ತಿದ್ದುದಕ್ಕಿಂತ ಕಡಿಮೆ. ಗೂಡ್ಸ್ ಗಾಡಿಗೆ ಅದು ಧಾರಾಳ. ಎಕ್ಸ್‌ಪ್ರೆಸ್ ಓಟ ಬೇಕೆಂದರೆ ನಾಲ್ಕು ಸೆಲ್ ಕೇಳಿ. ಹಳಿಯಲ್ಲಿ ಕರೆಂಟೇ ಇಲ್ಲದ್ದರಿಂದ, ಹಳಿ ತಿರುಗಿ ಬಂದು ತನಗೇ ಕೂಡುವ ಕಡೆ ಶಾರ್ಟ್ ಆಗುವ ತಾಪತ್ರಯವಂತೂ ತಪ್ಪಿತು.

ಮೂರು ಸೆಲ್‌ಗೆ ನಾವು ಕೊಡುವ 12.6 ವೋಲ್ಟ್ ಚಾರ್ಜರನ್ನೇ ಬಳಸಿ. ಏಪ್ರಿಲ್, ಮೇ ಬಿಸಿಲಲ್ಲಿ ಓಡಿಸಿದ ಎಂಜಿನನ್ನು ಒಳಗೆ ತಂದು, ಪೂರ್ತಿ ಆರಿದ ಮೇಲೆ ಚಾರ್ಜಿಗೆ ಹಾಕಿ. 45 ಡಿಗ್ರಿ ಮೀರಿದ ಸೆಲ್‌ಗೆ ಚಾರ್ಜ್ ಕೊಡಬಾರದು. ಉಬ್ಬಿದ ಸೆಲ್ ಕಂಡರೆ ನಮಗೇ ತಂದುಕೊಡಿ.

ಎಚ್‌ಒ ಇಟ್ಟುಕೊಂಡವರು ಒಮ್ಮೆ ಹೀಗೆ ಪರೀಕ್ಷಿಸಿ: ಹಳಿಯ ತೀರ ಕೊನೆಯಲ್ಲಿ ಐದು ರೂಪಾಯಿ ನಾಣ್ಯವನ್ನು ಎರಡೂ ಹಳಿಗೆ ತಾಗುವಂತೆ ಅಡ್ಡ ಇಡಿ. ಹಳಿಗೆ ಕರೆಂಟ್ ಕೊಡುವ ಡಿಸಿಸಿ ಪೆಟ್ಟಿಗೆ ತಕ್ಷಣ ಟ್ರಿಪ್ ಆಗಿ ಕರೆಂಟ್ ನಿಲ್ಲಿಸಬೇಕು. ಆಗದಿದ್ದರೆ ಥಟ್ಟನೆ ನಾಣ್ಯ ತೆಗೆಯಿರಿ. ವೈರ್ ತೆಳುವಾಗಿದೆ, ಇಲ್ಲವೇ ಜಾಯಿಂಟ್ ಸಡಿಲಾಗಿದೆ.

ಅಂಗಳದ ಎಂಜಿನ್‌ನಿಂದ ಬಿಚ್ಚಿದ ಡಿಕೋಡರ್ ನಿಮ್ಮದೇ, ಎಂಜಿನ್ ಜೊತೆಗೇ ಕೊಟ್ಟು ಕಳಿಸುತ್ತೇವೆ.