ಅದು ಸುಂಟರಗಾಳಿಯಲ್ಲ, ಮೋಡದಿಂದ ಸುರಿದ ಗಾಳಿ

ಮಾನ್ಯರೇ,

ಯುಗಾದಿ ಕಳೆದು ಮುಂಗಾರು ಕಾಲಿಡುವವರೆಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ತಲೆಬರಹ ತಪ್ಪುವುದಿಲ್ಲ: ಸುಂಟರಗಾಳಿಗೆ ಹಾರಿದ ಛಾವಣಿ, ನೆಲಕಚ್ಚಿದ ಬಾಳೆ. ಅದೇ ಗಾಳಿ ಒಂದು ಪುಟದಲ್ಲಿ ಬಿರುಗಾಳಿಯಾದರೆ ಇನ್ನೊಂದರಲ್ಲಿ ಚಂಡಮಾರುತ. ಚಂಡಮಾರುತ ಹುಟ್ಟುವುದು ಸಮುದ್ರದ ಮೇಲೆ, ನೂರಾರು ಕಿ.ಮೀ. ಅಗಲಕ್ಕೆ, ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲಷ್ಟೇ ಅದಕ್ಕೊಂದು ಹೆಸರಿಡುತ್ತಾರೆ. ಸುಂಟರಗಾಳಿ, ಅಂದರೆ ಟಾರ್ನೆಡೊ, ಗುಡುಗು ಮೋಡದ ಬುಡದಿಂದ ನೆಲದವರೆಗೆ ಇಳಿದು ಗಿರಗಿರನೆ ಸುತ್ತುವ ಗಾಳಿಯ ಕಂಬ. ಸಂಜೆ ಐದರ ಹೊತ್ತಿಗೆ ಕೊಪ್ಪಳದಲ್ಲೋ ದಾವಣಗೆರೆಯಲ್ಲೋ ತಗಡು ಹಾರಿಸಿ ಹೋಗುವ ಗಾಳಿ ಬಹುಪಾಲು ಈ ಎರಡೂ ಅಲ್ಲ. ಮೋಡದೊಳಗಿಂದ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಚೆಲ್ಲಿಕೊಂಡ ತಣ್ಣನೆ ಗಾಳಿ ಅದು. ತಜ್ಞರು ಡೌನ್‌ಬರ್ಸ್ಟ್ ಅನ್ನುತ್ತಾರೆ; ಸುರಿಗಾಳಿ ಅಂದರೆ ಎಲ್ಲರಿಗೂ ತಿಳಿದೀತು. ಹೆಸರು ತಪ್ಪಿದರೆ ಜನ ಎಚ್ಚರವಾಗಬೇಕಾದ ಹೊತ್ತೂ ತಪ್ಪುತ್ತದೆ. ಅದಕ್ಕೇ ಈ ಪತ್ರ.

ಏಪ್ರಿಲ್-ಮೇ ತಿಂಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡು, ಕೇರಳದತ್ತ ಸುತ್ತಲಿಗಿಂತ ವಾಯುಒತ್ತಡ ಕೊಂಚ ಕಡಿಮೆ ಇರುವ ಒಂದು ಗೆರೆ ಆಗಾಗ ಚಾಚಿಕೊಳ್ಳುತ್ತದೆ. ಎರಡೂ ಕಡಲುಗಳ ತೇವ ಆ ಗೆರೆಯ ಬಳಿ ಒಣಗಾಳಿಗೆ ಎದುರಾಗುತ್ತದೆ. ಮಧ್ಯಾಹ್ನದವರೆಗೆ ಕಾದ ನೆಲ ಆ ತೇವವನ್ನು ಮೇಲಕ್ಕೆ ನೂಕುತ್ತದೆ. ಹೊತ್ತು ಇಳಿಯುವುದರೊಳಗೆ ಮೋಡದ ತಲೆ 15 ಕಿ.ಮೀ. ದಾಟಿರುತ್ತದೆ. ಸುಮಾರು 5 ಕಿ.ಮೀ. ಮೇಲಕ್ಕೆ ನೀರು ಹೆಪ್ಪುಗಟ್ಟುವ ಚಳಿ ಇರುವುದರಿಂದ ಮೋಡದ ಮೇಲಿನ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಹಿಮದ ಹರಳು, ಆಲಿಕಲ್ಲು ಇದ್ದೇ ಇರುತ್ತವೆ.

ಇನ್ನು ಮೋಡದ ಬುಡದ ವಿಚಾರ. ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ತಾಪಮಾನ) ಇರುವ ಪ್ರತಿ ಒಂದು ಡಿಗ್ರಿ ಅಂತರಕ್ಕೆ ಬುಡ ಸುಮಾರು 125 ಮೀಟರ್ ಎತ್ತರದಲ್ಲಿರುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ ಬಿಸಿಲು, 25 ಡಿಗ್ರಿ ಇಬ್ಬನಿ ಬಿಂದು ಇದ್ದ ದಿನ ಅದು ಸಾವಿರದ ನೂರು ಮೀಟರ್ ಚಿಲ್ಲರೆ. ರಾಯಚೂರಿನಲ್ಲಿ 40 ಮತ್ತು 18 ಇದ್ದರೆ 2,750 ಮೀಟರ್. ರಾಯಚೂರಿನ ಮಳೆಹನಿ ಅಷ್ಟು ದೂರವನ್ನೂ ಒಣಗಾಳಿಯಲ್ಲಿ ಇಳಿಯಬೇಕು. ದಾರಿಯಲ್ಲೇ ಆವಿಯಾಗುತ್ತಾ ಬರುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಒಂದೇ ಒಂದು ಗ್ರಾಂ ನೀರು ಆವಿಯಾದರೂ ಆ ಗಾಳಿ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ. ತಣ್ಣಗಾದದ್ದು ಭಾರ, ಭಾರವಾದದ್ದು ಬೀಳುತ್ತದೆ. ಕರಗುವ ಆಲಿಕಲ್ಲು ಅದನ್ನು ಇನ್ನಷ್ಟು ತಣಿಸುತ್ತದೆ, ಮಳೆಯ ಭಾರವೂ ಅದನ್ನು ಕೆಳಗೆಳೆಯುತ್ತದೆ. ಬಯಲುಸೀಮೆಯಲ್ಲಿ ನಾಲ್ಕು ಹನಿ ಮಳೆಗೆ ನಲವತ್ತು ಕಂಬ ಉರುಳುವ ವಿಚಿತ್ರಕ್ಕೆ ಕಾರಣ ಇದು. ಮಳೆ ಕಡಿಮೆ ಬಿತ್ತು ಅಂದರೆ ದಾರಿಯಲ್ಲಿ ಹೆಚ್ಚು ಆವಿಯಾಯಿತು ಅಂತಲೇ ಅರ್ಥ, ಗಾಳಿಗೆ ಅಷ್ಟೂ ಬಲ ಬಂತು.

ನೆಲಕ್ಕೆ ಬಡಿದ ಗಾಳಿ ಮಳೆಗಿಂತ ಮುಂದೆ ಓಡುತ್ತದೆ. ಮೊದಲು ದೂರದಲ್ಲಿ ದೂಳಿನ ಗೋಡೆ, ಆಮೇಲೆ ಮಣ್ಣಿನ ವಾಸನೆ ಹೊತ್ತ ತಂಪುಗಾಳಿ, ಮಳೆ ಬರುವುದು ಎಷ್ಟೋ ಸಲ ಹತ್ತು ಹದಿನೈದು ನಿಮಿಷ ತಡವಾಗಿ. ದಿನವಿಡೀ ಬೆಂದವರು 'ತಂಪಾಯ್ತು' ಎಂದು ಅಂಗಳಕ್ಕೆ, ಮಾಳಿಗೆಗೆ ಬರುವುದು, ಒಣಹಾಕಿದ ಮೆಣಸಿನಕಾಯಿ ಬಾಚಿಕೊಳ್ಳಲು ಓಡುವುದು, ಮಾವಿನ ಮರದ ಕೆಳಗೆ ಮಕ್ಕಳು ನೆರೆಯುವುದು ಸರಿಯಾಗಿ ಆ ಹತ್ತು ನಿಮಿಷದಲ್ಲಿ. ಕೊಂಬೆ ಮುರಿಯುವ ಗಾಳಿಯೂ ಆ ಹೊತ್ತಿಗೇ ಬೀಸುತ್ತದೆ. ಸುಂಟರಗಾಳಿ ಎಂದು ಬರೆದರೆ ಓದಿದವರು ಆಕಾಶದಲ್ಲಿ ಸೊಂಡಿಲು ಹುಡುಕುತ್ತಾರೆ. ಸುರಿಗಾಳಿಗೆ ಸೊಂಡಿಲಿಲ್ಲ. ಪಶ್ಚಿಮದಲ್ಲೋ ವಾಯವ್ಯದಲ್ಲೋ ಕಪ್ಪಾಗಿ, ಸೆಕೆ ಏಕಾಏಕಿ ಮುರಿದು ತಣ್ಣನೆ ಬೀಸಿದರೆ ಅದೇ ಸೂಚನೆ, ಒಳಗೆ ನಡೆಯಬೇಕು.

ಗಾಳಿಯ ಲೆಕ್ಕದಲ್ಲಿ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 60 ಕಿ.ಮೀ. ಗಾಳಿ ಎದುರಿನ ಒಂದು ಚದರ ಮೀಟರ್ ಮೇಲೆ ಸುಮಾರು 17 ಕಿಲೋದಷ್ಟು ಒತ್ತುತ್ತದೆ, 120 ಕಿ.ಮೀ. ಆದರೆ ಸುಮಾರು 70 ಕಿಲೋ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ತಗಡು ಹದಿನೈದು ಕಿಲೋ ಆಸುಪಾಸು ತೂಗುತ್ತದೆ. ಮೇಲೆ ಹಾಯುವ ಗಾಳಿ ಅದನ್ನು ಹೀರಿ ಎಬ್ಬಿಸುವ ಬಲ ಇನ್ನೂರು ಕಿಲೋ ದಾಟಬಹುದು. ಹೀಗಿರುವಾಗ ನಮ್ಮ ಊರುಗಳಲ್ಲಿ ತಗಡಿನ ಮೇಲೆ ಕಲ್ಲು ಹೇರುವ ರೂಢಿಗೆ ಏನು ಅರ್ಥ? ಹತ್ತು ಕಿಲೋ ಕಲ್ಲು ತಗಡನ್ನು ಹಿಡಿದಿಡುವುದಿಲ್ಲ, ತಗಡು ಎದ್ದಾಗ ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ಕಲ್ಲು ಇಳಿಸಿ, ತಗಡನ್ನು ಕೆಳಗಿನ ಕೊಳವೆಗೆ ಕೊಕ್ಕೆಯಂತೆ ಬಿಗಿಯುವ ಜೆ-ಬೋಲ್ಟು ಹಾಕಿಸಿ. ಹೀರುವ ಬಲ ಹೆಚ್ಚಿರುವುದು ಮೂಲೆ ಮತ್ತು ಅಂಚುಗಳಲ್ಲಿ, ಅಲ್ಲಿ ಬೋಲ್ಟು ನಡುವಿಗಿಂತ ಎರಡು ಪಟ್ಟು ಒತ್ತಾಗಿರಲಿ. ತಗಡಿನ ಕೆಳಗಿನ ಕೊಳವೆಯನ್ನು ಗೋಡೆಗೆ ಬಿಗಿಯದಿದ್ದರೆ ಇದೆಲ್ಲ ವ್ಯರ್ಥ, ಚೌಕಟ್ಟಿನ ಸಮೇತ ಎದ್ದುಹೋಗುತ್ತದೆ. ಗೋಡೆಯಿಂದ ಒಂದೂವರೆ ಅಡಿಗಿಂತ ಹೊರಚಾಚಿದ ಅಂಚು ಗಾಳಿಗೆ ಕೊಟ್ಟ ಹಿಡಿಕೆ. ಒಳಗಿನ ಒತ್ತಡ ಸರಿಹೋಗಲಿ ಎಂದು ಕಿಟಕಿ ಬಾಗಿಲು ತೆರೆದಿಡಬೇಕು ಎನ್ನುವವರಿದ್ದಾರೆ. ತೆರೆದರೆ ಗಾಳಿ ಒಳನುಗ್ಗಿ ಛಾವಣಿಯನ್ನು ಕೆಳಗಿನಿಂದಲೂ ನೂಕುತ್ತದೆ. ಮುಚ್ಚಬೇಕು.

ಬಿದ್ದ ಮರಗಳನ್ನು ನೋಡಿ ಗಾಳಿಯ ಜಾತಿ ಹೇಳುವುದನ್ನು ಕಲಿಸಿದವರು ಜಪಾನಿನಲ್ಲಿ ಹುಟ್ಟಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ಹವಾಮಾನ ವಿಜ್ಞಾನಿ ತೆತ್ಸುಯಾ ಫುಜಿತಾ. 1945ರಲ್ಲಿ ಹಿರೋಶಿಮಾ, ನಾಗಸಾಕಿಗಳಿಗೆ ಹೋಗಿದ್ದ ಅವರು ಸ್ಫೋಟದ ನೇರ ಕೆಳಗಿನಿಂದ ಹೊರಮುಖವಾಗಿ ಬಿದ್ದ ಮರಗಳನ್ನು ಕಂಡಿದ್ದರು. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸುಂಟರಗಾಳಿಗಳ ಸರಣಿಯೇ ಬೀಸಿದಾಗ ವಿಮಾನದಿಂದ ಸಮೀಕ್ಷೆ ಮಾಡುತ್ತಾ ಅದೇ ನಕ್ಷತ್ರದಾಕಾರ ಮತ್ತೆ ಕಂಡರು. ಮರುವರ್ಷ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಇಂಥದೇ ಗಾಳಿಗೆ ಸಿಕ್ಕಿ ಬಿದ್ದ ಬಗೆಯನ್ನು ವಿವರಿಸಿದವರೂ ಅವರೇ. ಗುರುತು ಸರಳ: ಮರಗಳೆಲ್ಲ ಒಂದೇ ಕಡೆಗೆ ಅಥವಾ ಬೀಸಣಿಗೆ ಬಿಚ್ಚಿದಂತೆ ಮಲಗಿದ್ದರೆ ಸುರಿಗಾಳಿ. ಕಿರಿದಾದ ಉದ್ದನೆ ಪಟ್ಟಿಯೊಳಗೆ ಎರಡೂ ಬದಿಯ ಮರಗಳು ನಡುಗೆರೆಯತ್ತ ತಲೆಹಾಕಿ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಿದ್ದರೆ ಸುಂಟರಗಾಳಿ.

ನಿಜವಾದ ಸುಂಟರಗಾಳಿ ನಮ್ಮ ಉಪಖಂಡಕ್ಕೆ ಹೊಸತೇನಲ್ಲ. ಬಾಂಗ್ಲಾದೇಶದ ದೌಲತ್‌ಪುರ-ಸಾಟುರಿಯಾದಲ್ಲಿ 1989ರ ಏಪ್ರಿಲ್ 26ರಂದು ಬೀಸಿದ್ದು ಸುಮಾರು 1,300 ಜನರನ್ನು ಕೊಂದಿತು; ಜಗತ್ತಿನಲ್ಲಿ ದಾಖಲಾದವುಗಳಲ್ಲೇ ಅತಿ ಘೋರವಾದದ್ದು ಅದು. 1978ರ ಮಾರ್ಚ್ 17ರಂದು ದೆಹಲಿ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ 28 ಮಂದಿ ಸತ್ತರು. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಮೈನಾಗುರಿಯಲ್ಲಿ ಮತ್ತೆ ಬೀಸಿತು. ಬಂಗಾಳದಲ್ಲಿ ಚೈತ್ರ ವೈಶಾಖದ ಹೊತ್ತಿಗೆ ನೆಲದ ಬಳಿ ದಕ್ಷಿಣದ ತೇವಗಾಳಿ, ಐದಾರು ಕಿ.ಮೀ. ಮೇಲೆ ರಭಸದ ಪಶ್ಚಿಮ ಗಾಳಿ. ಎರಡರ ನಡುವಿನ ಗಾಳಿ ಲಟ್ಟಣಿಗೆಯಂತೆ ಅಡ್ಡಕ್ಕೆ ಉರುಳುತ್ತದೆ. ಮೋಡದ ಏರುಗಾಳಿ ಆ ಉರುಳನ್ನು ಎತ್ತಿ ನೆಟ್ಟಗೆ ನಿಲ್ಲಿಸಿದಾಗ ಇಡೀ ಮೋಡ ಸುತ್ತತೊಡಗುತ್ತದೆ. ಕರ್ನಾಟಕದ ಮೇಲೆ ಆ ತಿಂಗಳಲ್ಲಿ ಮೇಲ್ಗಾಳಿ ಸಾಮಾನ್ಯವಾಗಿ ಮಂದ, ಹಾಗಾಗಿ ಇಲ್ಲಿ ಸುಂಟರಗಾಳಿ ಅಪರೂಪ. ಬಿರುಬಿಸಿಲಿನಲ್ಲಿ ಉತ್ತ ಹೊಲದ ಮೇಲೆ ತರಗೆಲೆ ಎತ್ತಿಕೊಂಡು ತಿರುಗುವ ಸುಳಿಗಾಳಿಯ ಕುಲವೇ ಬೇರೆ, ಅದಕ್ಕೆ ಮೋಡವೇ ಬೇಡ.

ಇಷ್ಟೆಲ್ಲ ಹೇಳಿಯೂ, ಈ ಮೋಡಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವುದು ಗಾಳಿಯಲ್ಲ, ಸಿಡಿಲು. ದೇಶದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಮಂದಿ. ನೇರವಾಗಿ ಮೈಮೇಲೆ ಬಡಿದು ಸಾಯುವವರು ಅದರಲ್ಲಿ ಕೆಲವರೇ. ಮರಕ್ಕೋ ನೆಲಕ್ಕೋ ಬಡಿದ ವಿದ್ಯುತ್ತು ಸುತ್ತಲಿನ ಮಣ್ಣಿನಲ್ಲಿ ಹರಡುವಾಗ ಎರಡು ಪಾದಗಳ ನಡುವಿನ ಅಂತರದಲ್ಲೇ ಮಾರಕ ವೋಲ್ಟೇಜು ಹುಟ್ಟುತ್ತದೆ, ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವ ದನ, ಕುರಿಗಳ ಮೈಯಲ್ಲಿ ಆ ದಾರಿ ಹೃದಯದ ಬಳಿಯೇ ಹಾಯುತ್ತದೆ. ಒಂದೇ ಮರದಡಿ ಹತ್ತಾರು ಕುರಿ ಒಟ್ಟಿಗೆ ಸಾಯುವುದು ಹೀಗೆ. ಕುರಿಗಾಹಿಗಳಿಗೆ ಹೇಳಬೇಕಾದ ಮಾತು ಒಂದೇ: ಮಳೆಯಲ್ಲಿ ಹಿಂಡು ನೆನೆಯಲಿ, ಒಂಟಿಮರದಡಿ ಗುಂಪುಗೂಡುವುದು ಬೇಡ.

ಗುಡುಗು ಮೂರು ಸೆಕೆಂಡಿಗೆ ಒಂದು ಕಿ.ಮೀ. ಸಾಗುತ್ತದೆ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಹತ್ತು ಕಿ.ಮೀ. ಒಳಗಿದೆ, ಮುಂದಿನದು ನಿಮ್ಮ ಹೊಲಕ್ಕೇ ಇಳಿಯಬಹುದು. 'ಅರ್ಜುನ, ಅರ್ಜುನ' ಎನ್ನುತ್ತಲೇ ಆದರೂ ಸರಿ, ಪಕ್ಕಾ ಮನೆಗೋ ಲೋಹದ ಮಾಡಿನ ಬಸ್ಸು, ಕಾರಿಗೋ ಸೇರಿಕೊಳ್ಳಿ. ಟ್ರ್ಯಾಕ್ಟರು, ಬೈಕು, ಗುಡಿಸಲು, ನಾಲ್ಕು ಕಂಬದ ಬಸ್ ತಂಗುದಾಣ ಲೆಕ್ಕಕ್ಕಿಲ್ಲ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಬರಬೇಡಿ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದ ಕಿಡಿಯನ್ನು ಹವಾಯಿ ಚಪ್ಪಲಿಯ ರಬ್ಬರು ತಡೆಯುತ್ತದೆಂದು ನೆಚ್ಚಬಾರದು. ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರುವುದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಜೇಬಿನ ಮೊಬೈಲು ಸಿಡಿಲನ್ನು ಕರೆಯುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಮೊಬೈಲಿನಿಂದ ಅಪಾಯ ಉಂಟು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ, ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳು ಹತ್ತಿರದ ಮಿಂಚನ್ನು ತಿಳಿಸುತ್ತವೆ, ಉಚಿತ.

ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ಜನ ದೂರ ನಿಲ್ಲುತ್ತಾರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಹಲವರಿಗೆ ಒಟ್ಟಿಗೆ ಹೊಡೆದಿದ್ದರೆ ನರಳುವವರು ಉಸಿರಾಡುತ್ತಿದ್ದಾರೆ, ಸ್ವಲ್ಪ ಕಾಯಬಲ್ಲರು; ಸತ್ತಂತೆ ಬಿದ್ದವರ ಬಳಿಗೆ ಮೊದಲು ಓಡಬೇಕು. ನಿಂತ ಹೃದಯವನ್ನು ಎದೆಯ ನಡುವೆ ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಬಾಯಿಂದ ಉಸಿರು ಕೊಟ್ಟರೆ ಬದುಕಿಸಿಕೊಳ್ಳಬಹುದು. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಒತ್ತುತ್ತಲೇ ಇರಬೇಕು.

ವರದಿಗಾರರಲ್ಲಿ ಒಂದು ಕೋರಿಕೆ. ಮುಂದಿನ ಭರಣಿ ಮಳೆಗೆ ಮರ ಉರುಳಿದ ಊರಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ: ಮರಗಳು ಯಾವ ದಿಕ್ಕಿಗೆ ತಲೆಹಾಕಿವೆ, ಗಾಳಿ ಮಳೆಗೆ ಎಷ್ಟು ನಿಮಿಷ ಮೊದಲು ಬಂತು, ಎಷ್ಟು ಹೊತ್ತು ಬೀಸಿತು, ಆಲಿಕಲ್ಲು ಗೋಲಿಯಷ್ಟಿತ್ತೋ ನಿಂಬೆಯಷ್ಟೋ. ಎತ್ತರದಿಂದ ಒಂದು ಫೋಟೊ ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರು ಯಾವುದೆಂದು ಮರಗಳೇ ಹೇಳುತ್ತವೆ.

– ಭೌತವಿಜ್ಞಾನ ಅಧ್ಯಾಪಕ, ಚಿತ್ರದುರ್ಗ