ಗ್ರೂಪ್ ಅಡ್ಮಿನ್ ಆದ ನಮ್ಮ ಹುಡುಗಗ

ಚಿ. ಶರಣುಗ ನಿನ್ನ ಕಾಕಾನ ಆಶೀರ್ವಾದ.

ಊರಿನ ವಾಟ್ಸಾಪ್ ಗ್ರೂಪಿಗೆ ನೀ ಅಡ್ಮಿನ್ ಆಗಿದಿ ಅಂತ ನಿಮ್ಮವ್ವ ಹೇಳಿದ್ಳು, ಛಲೋ ಆತು. ಅದ್ರ ಬಗ್ಗೆನೇ ಬರಿಲಾಕತ್ತೀನಿ, ಪೂರಾ ಓದು.

ನಾವು ಸಣ್ಣವ್ರಿದ್ದಾಗ ಪೇಪರ್ ಕಲಬುರಗಿಯಿಂದ ಬಸ್ಸಿನ ಮ್ಯಾಲ ಬರ್ತಿತ್ತು, ಯಾರರ ಸತ್ರ ಟೆಲಿಗ್ರಾಂ, ಅದೂ 2013ರಾಗ ಬಂದ್ ಆತು. ಈಗ ಎಪಿಎಂಸಿಯಾಗ ತೊಗರಿ ರೇಟ್ ಏರಿದ್ದು ಇಳಿದಿದ್ದು ಹೊಲದಾಗ ನಿಂತವ್ಗ ಆಗಿಂದಾಗ ಗೊತ್ತಾಗ್ತದ, ಇದು ರೈತಗ ಭಾಳ ಅನುಕೂಲ. ಆದ್ರ ಆವಾಗ ಕಟ್ಟಿ ಮ್ಯಾಲ ಕುಂತ ಹಿರ್ಯಾರು ಯಾರು ಹೇಳಿದ್ರೋ, ನೀ ಕಣ್ಣಾರೆ ನೋಡಿದೇನು ಅಂತ ಕೇಳ್ತಿದ್ರು. ಈಗ ಹಂಗ ಕೇಳಾವ್ರು ಯಾರೂ ಇಲ್ಲ, ಅಡ್ಮಿನ್ ಆದ ಮ್ಯಾಲ ಅದು ನಿನ್ನ ಕೆಲಸ.

ಮಗ್ಗಲ ಬೀದರ್ ಜಿಲ್ಲಾದಾಗ ಏನಾತು ನೆನಪದ ಏನು? 2018ರ ಜುಲೈ, ಔರಾದ್ ಕಡಿ ಮುರ್ಕಿ ಅಂತ ಊರು. ಹೈದರಾಬಾದಿಂದ ಕಾರಿನಾಗ ಬಂದವ್ರು ದಾರ್ಯಾಗ ಹುಡುಗ್ರಿಗೆ ಚಾಕಲೇಟ್ ಕೊಟ್ರು ಅಷ್ಟೇ, ಮಕ್ಕಳ ಕಳ್ಳರು ಬಂದಾರ ಅಂತ ವಾಟ್ಸಾಪಿನಾಗ ವಿಡಿಯೋ ಹೋತು, ಕಾರು ಮುರ್ಕಿ ಮುಟ್ಟೂದ್ರೊಳಗ ಮಂದಿ ದಾರಿ ಕಟ್ಟಿ ನಿಂತಿದ್ರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಹುಡುಗನ ಹೊಡದು ಸಾಯಿಸಿದ್ರು ಶರಣು, ಬಿಡಸ್ಲಾಕ ಹೋದ ಪೊಲೀಸ್ರಿಗೂ ಪೆಟ್ಟು ಬಿದ್ವು. ಆಮ್ಯಾಲ ಅರೆಸ್ಟ್ ಆದವ್ರಾಗ ಗ್ರೂಪಿನ ಅಡ್ಮಿನ್ ಸೈತ ಇದ್ದ. ದೇಶದಾಗ ಇಂಥಾವು ಸಾಲಾಗಿ ನಡದ ಮ್ಯಾಲ ಅದೇ ತಿಂಗಳು ವಾಟ್ಸಾಪ್‌ನವ್ರು ನಮ್ಮ ದೇಶದಾಗ ಒಮ್ಮಿಗಿ ಐದು ಕಡಿ ಅಷ್ಟೇ ಫಾರ್ವರ್ಡ್ ಅಂತ ಮಾಡಿದ್ರು, 2020ರಾಗ ಭಾಳ ತಿರುಗಿದ ಮೆಸೇಜಿಗೆ ಒಂದೇ ಕಡಿ. ಎರಡು ಬಾಣದ ಗುರ್ತು ಇರ್ತದ ನೋಡು, ಅದು ಕಂಡ್ರ ಅಲ್ಲೇ ನಿಲ್ಲು, ಮುಂದ ಕಳಸಬ್ಯಾಡ.

ಹಂಗಂತ ಎಲ್ಲಾ ಬಂದ್ ಮಾಡಂತ ನಾ ಹೇಳೂದಿಲ್ಲ. 2020ರ ಅಕ್ಟೋಬರ್ ದಾಗ ಭೀಮಾ ಹೊಳಿ ಬಂತಲ್ಲ, ಮ್ಯಾಲ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟು ನಮ್ಮ ಸೊನ್ನ ಬ್ಯಾರೇಜಿನ ಗೇಟ್ ತೆಗದ್ರು, ಅಂಥ ಸುದ್ದಿ ತಡಾ ಆದ್ರ ದನಾ ಕರಾ ಹೋಗ್ತಾವ, ಅದನ್ನ ಲಗೂನೇ ಹಾಕಬೇಕು. ಆದ್ರ ಅದೇ ಹೊಳಿ ವಿಡಿಯೋ ಮುಂದಿನ ಮಳಿಗಾಲಕ್ಕ ಇವತ್ತಿಂದು ಅಂತ ತಿರುಗಿದ್ರ ಮುದುಕ್ರು ಹುಡುಗ್ರು ರಾತ್ರೋರಾತ್ರಿ ಗಂಟು ಕಟ್ಟತಾರ. ಅದಕ್ಕ ತಾರೀಖ್ ನೋಡು, ತಹಸೀಲ್ ಆಫೀಸಿನವ್ರು ಹೇಳ್ಯಾರೇನು ನೋಡು, ಗ್ರಾಮ ಆಡಳಿತ ಅಧಿಕಾರಿಗ (ಮೊದ್ಲಿನ ಗ್ರಾಮ ಲೆಕ್ಕಿಗ) ಒಂದು ಫೋನ್ ಹಚ್ಚು, ಎರಡ ನಿಮಿಷದ ಕೆಲಸ.

ಇನ್ನೊಂದು, ಮಕ್ಕಳ ಕಳ್ಳರು ಅಂತೋ ಜಾತಿ ಧರ್ಮದ್ದೋ ಸುದ್ದಿ ಬಂದು ಗ್ರೂಪ್ ಕಾಯ್ದ್ರ ವಾದ ಮಾಡ್ಕೋತ ಕುಂದ್ರಬ್ಯಾಡ. ಸೆಟ್ಟಿಂಗ್ ದಾಗ ಹೋಗಿ ಅಡ್ಮಿನ್ ಅಷ್ಟೇ ಮೆಸೇಜ್ ಹಾಕೂ ಹಂಗ ಮಾಡಿಬಿಡು, 112ಕ್ಕ ಫೋನ್ ಮಾಡು, ಆಮ್ಯಾಲ ನನಗ ಹಚ್ಚು, ಎಷ್ಟೊತ್ತಿದ್ರೂ ಎತ್ತತೀನಿ.

ನಿನ್ನ ಕಾಕಾ