ಕಾರವಾರಕ್ಕೆ ಮಕ್ಕಳನ್ನು ಕಳಿಸಿದ ನಮ್ಮೂರಿನವರಿಗೆ

ನಮ್ಮ ಶಾಲೆಯ ಒಂಬತ್ತನೇ ತರಗತಿಯ 32 ಮಕ್ಕಳು ಕಾರವಾರದ ಕಡಲು ನೋಡಿಕೊಂಡು ಮೊನ್ನೆ ಬೆಳಗಿನ ಜಾವ ಸುಖವಾಗಿ ಮನೆ ಸೇರಿದರು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಿಂದ ಅಲ್ಲಿಗೆ ಐನೂರು ಕಿಲೋಮೀಟರ್ ಆಸುಪಾಸು. ಇವರಲ್ಲಿ ಹೆಚ್ಚಿನವರು ಅಲ್ಲಿಯ ತನಕ ಕಂಡಿದ್ದ ದೊಡ್ಡ ನೀರೆಂದರೆ ಮಳೆಗಾಲದ ಕಾಗಿಣಾ ಹೊಳೆ.

ಮೊದಲ ನಮಸ್ಕಾರ ಹೆಣ್ಣುಮಕ್ಕಳನ್ನು ನನ್ನ ಮೇಲೆ ಭಾರ ಹಾಕಿ ಕಳಿಸಿದ ತಾಯಂದಿರಿಗೆ. "ನೀರಿನ ಹಂತ್ಯಾಕ ಹೋಗ್ಲಾಕ ಬಿಡಬ್ಯಾಡ್ರಿ ಟೀಚರ್" ಅಂತ ನನ್ನ ಎರಡೂ ಕೈ ಹಿಡಿದು ಹೇಳಿದಿರಿ. ನೀವು ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಮೂರೂ ದಿನ ನಮ್ಮ ಹೊಟ್ಟೆ ತುಂಬಿಸಿತು.

ಹೊರಡಲು ಎರಡೇ ದಿನ ಇರುವಾಗ, ಗೊತ್ತುಮಾಡಿದ್ದ ಬಸ್ಸಿನವರು ಬರುವುದಿಲ್ಲ ಅಂದುಬಿಟ್ಟರು. ಮುಂಗಡವೂ ಕೈಗೆ ಬರಲಿಲ್ಲ. ಆ ರಾತ್ರಿ ನಾನು ಅತ್ತಿದ್ದು ನಿಜ. ಬೆಳಗಾಗುವಷ್ಟರಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವ ನಾಲ್ವರು ಅಪ್ಪಂದಿರು ಶಾಲೆಯ ಗೇಟಿನಲ್ಲಿ ನಿಂತಿದ್ದರು, ವಾರದ ಬಟವಾಡೆಯಲ್ಲಿ ಕೂಡಿಸಿದ ದುಡ್ಡು ಟವೆಲ್ಲಿನಲ್ಲಿ ಕಟ್ಟಿಕೊಂಡು. ಅಣ್ಣಾರೇ, ನಿಮ್ಮ ಋಣ ದೊಡ್ಡದು. ಬೇರೆ ಬಸ್ಸು ತಂದ ಡ್ರೈವರ್ ಅಣ್ಣನಿಗೂ ಶರಣು. ಅರಬೈಲ್ ಘಟ್ಟದಲ್ಲಿ ಮಕ್ಕಳಿಗೆ ವಾಂತಿಯಾದಾಗೆಲ್ಲ ಬೇಸರಪಡದೆ ನಿಲ್ಲಿಸಿದರು.

ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕಾರವಾರದಲ್ಲೇ. ಅದೇ ವಿಷಯ ಓದಿದ ಒಬ್ಬ ತಂಗಿ ಎರಡೂ ದಿನ ನೀರಿಳಿಯುವ ಹೊತ್ತಿಗೆ ಸರಿಯಾಗಿ ಬಂದು ನಮ್ಮನ್ನು ಬಂಡೆಗಳ ಕಡೆ ಕರೆದೊಯ್ದಳು. ಇಳಿತ ಇವತ್ತಿನ ಹೊತ್ತಿಗೇ ನಾಳೆ ಬರುವುದಿಲ್ಲ, ಸುಮಾರು 50 ನಿಮಿಷ ತಡವಾಗುತ್ತದೆ ಎಂಬುದನ್ನು ಆಕೆ ಬಾಯಲ್ಲಿ ಹೇಳಲಿಲ್ಲ. ಮರಳಲ್ಲಿ ಕಡ್ಡಿ ನೆಡಿಸಿ, ಗಡಿಯಾರ ನೋಡಿಸಿ, ಮಕ್ಕಳಿಂದಲೇ ಹೇಳಿಸಿದಳು. ಬಂಡೆಗೆ ಅಂಟಿದ ಬಿಳಿ ಹಕ್ಕಳೆಗಳನ್ನು ನಮ್ಮವರು ಕಲ್ಲಿನದೇ ಭಾಗ ಅಂದುಕೊಂಡಿದ್ದರು. "ಈ ಕುಳಿಯ ನೀರೊಳಗೆ ನೋಡಿ, ಅಲ್ಲಾಡಬೇಡಿ" ಅಂದಳು. 32 ತಲೆಗಳು ಒಂದೇ ಕುಳಿಯ ಮೇಲೆ ಬಾಗಿದವು. ಒಂದು ಹಕ್ಕಳೆಯ ಬಾಯಿ ತೆರೆಯಿತು; ಒಳಗಿಂದ ಗರಿಯಂಥ ಕಾಲುಗಳು ಹೊರಬಂದು ನೀರನ್ನು ಬಾಚಿ ಬಾಚಿ ಒಳಗೆಳೆದುಕೊಂಡವು. ಬಾರ್ನಕಲ್ ಅಂತ ಅದರ ಹೆಸರು, ಏಡಿಯ ಬಳಗದ್ದು. ನಮ್ಮ ಮಕ್ಕಳು ಅಷ್ಟು ಹೊತ್ತು ಸದ್ದಿಲ್ಲದೆ ನಿಂತಿದ್ದನ್ನು ನಾನು ಕಂಡೇ ಇರಲಿಲ್ಲ. ತಂಗೀ, ನಿನಗೆ ಹೇಗೆ ಧನ್ಯವಾದ ಹೇಳಲಿ?

ಜೀವ ಇರುವ ಏನನ್ನೂ ನಾವು ತರಲಿಲ್ಲ, ಅಲೆ ತಂದು ಹಾಕಿದ್ದ ಒಡೆದ ಚಿಪ್ಪು ಒಂದು ಮುಷ್ಟಿ, ಅಷ್ಟೇ. ನಿನ್ನೆ ಲ್ಯಾಬಿನಲ್ಲಿ ಚಿಪ್ಪಿನ ಮೇಲೆ ಎರಡು ಹನಿ ತೆಳು ಆಮ್ಲ ಬಿಟ್ಟೆ, ಬುಸುಬುಸು ನೊರೆ ಬಂತು. ಆಮೇಲೆ ಅಂಗಳದಿಂದ ಒಂದು ಫರ್ಸಿ ಚೂರು ತರಿಸಿ ಅದರ ಮೇಲೂ ಬಿಟ್ಟೆ. ಅದೇ ನೊರೆ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೋನೇಟ್. ನಮ್ಮ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು, ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತದ್ದು ಅಂತ ಹೇಳಿದೆ.

ಗಣಿ ಕೆಲಸದ ಅಣ್ಣ ಒಬ್ಬರ ಮಗ ಆ ಚೂರನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಹಂಗಾದ್ರ ನಮ್ಮಪ್ಪ ದಿನಾ ಸಮುದ್ರ ಕಡೀತಾನೇನ್ರಿ ಟೀಚರ್?"

ಹೌದಪ್ಪ ಅಂದೆ. ಶನಿವಾರ ಶಾಲೆ ಬಿಡೋ ಹೊತ್ತಿಗೆ ಎಲ್ಲರೂ ಬರ್ರಿ. ಆ ನೊರೆಯನ್ನ ಅವನೇ ತೋರಿಸ್ತಾನಂತೆ.